ನೆರೆಯವರಿಗಾಗಿ ಒಂದು ಚಾವಣಿ



ಸ್ಪೇನಿನ ಬಾರ್ಸಿಲೋನಾದ ಹಳೇ ಪೇಟೆಯಲ್ಲಿ ಸಾಂತಾ ಕತೆರಿನಾ ಎಂಬ ಮಾರುಕಟ್ಟೆಯಿದೆ. ಕ್ರೈಸ್ತ ಮಠವೊಂದಿದ್ದ ಜಾಗದಲ್ಲಿ 1848ರಲ್ಲಿ ಶುರುವಾದದ್ದು. ಒಳಗೆ ಮೀನು, ಆಲಿವ್ ಕಾಯಿ, ಟೊಮೆಟೊ ರಾಶಿ. ಅದರ ನವೀಕರಣಕ್ಕೆ ಕೈಹಾಕಿದ ವಾಸ್ತುಶಿಲ್ಪಿ ಎನ್ರಿಕ್ ಮಿರಾಯೆಸ್ 2000ದಲ್ಲಿ ತೀರಿಕೊಂಡರು. ಪತ್ನಿ ಬೆನೆದೆತ್ತಾ ಮುಂದುವರಿಸಿದ ಕೆಲಸ 2005ರಲ್ಲಿ ಮುಗಿಯಿತು. ಅಲೆಯಲೆಯಾಗಿ ಏರಿಳಿಯುವ ಚಾವಣಿಯ ತುಂಬ ಹಣ್ಣು-ತರಕಾರಿಗಳ ಬಣ್ಣ ಹೊತ್ತ ಪಿಂಗಾಣಿ ಬಿಲ್ಲೆಗಳು: ಹಸಿರು, ಹಳದಿ, ಕಿತ್ತಳೆ, ನೇರಳೆ.

ವಿಶೇಷವೆಂದರೆ, ಕೆಳಗೆ ಕೊಳ್ಳಲು ಬಂದವರಿಗೆ ಆ ಬಣ್ಣಗಳು ಪೂರ್ತಿ ಕಾಣುವುದೇ ಇಲ್ಲ. ಕಾಣುವುದು ಸುತ್ತಲಿನ ಮನೆಗಳ ಮಹಡಿಯಲ್ಲಿ ಬಟ್ಟೆ ಒಣಹಾಕುವವರಿಗೆ.

ಮನೆ ಕಟ್ಟುವಾಗ ನಾವು ಬೀದಿಗೆ ಕಾಣುವ ಗೋಡೆಗಷ್ಟೇ ದುಡ್ಡು ಸುರಿಯುತ್ತೇವೆ. ಪಕ್ಕದ ಮನೆಯವರು ದಿನಾ ನೋಡುವ ಗೋಡೆ ಗಾರೆಯನ್ನೂ ಕಾಣದೆ ಉಳಿದಿರುತ್ತದೆ. ಈ ಸಲ ಅದಕ್ಕೂ ಒಂದು ಕೈ ಸುಣ್ಣ ಬಳಿಯೋಣವೇ?