ದುರ್ಬೀನಿನ ಆಯ್ಕೆ, ಬೇಟೆಗಾರನ ಹೊಣೆ



ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೋಜಿನ ಬೇಟೆಗೆ ಅವಕಾಶವಿಲ್ಲ. ಅಮೆರಿಕದ ರಾಕಿ ಪರ್ವತಗಳಲ್ಲಿ ಮಾತ್ರ ಪರವಾನಗಿ ಪಡೆದವರು ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಇಂದಿಗೂ ಬೇಟೆಯಾಡುತ್ತಾರೆ. ಅಲ್ಲಿ ರೈಫಲ್ಲಿಗೆ ಎಂತಹ ದುರ್ಬೀನು ಜೋಡಿಸಬೇಕೆಂಬುದು ಉಪಕರಣದ ಪ್ರಶ್ನೆಯಷ್ಟೇ ಅಲ್ಲ, ಪ್ರಾಣಿಯ ನೋವಿನ ಪ್ರಶ್ನೆಯೂ ಹೌದು.

ದೃಶ್ಯವನ್ನು ಹಿಗ್ಗಿಸಿದಷ್ಟೂ ಒಳಿತೆಂಬುದು ಭ್ರಮೆ. 5 ಪಟ್ಟಿನಿಂದ 20 ಪಟ್ಟಿಗೇರಿಸಿದರೆ ನೋಟದ ಅಗಲ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಕೈನಡುಕವೂ ಹಿಗ್ಗಿ ಕಾಣುತ್ತದೆ. 50 ಮಿ.ಮೀ. ಮಸೂರದಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತದ ವ್ಯಾಸ 10 ಪಟ್ಟಿನಲ್ಲಿ 5 ಮಿ.ಮೀ., 20 ಪಟ್ಟಿನಲ್ಲಿ ಕೇವಲ 2.5 ಮಿ.ಮೀ. ಮುಸ್ಸಂಜೆಯಲ್ಲಿ ಇದರಿಂದ ದೃಶ್ಯ ಮಸುಕಾಗುತ್ತದೆ. ಆದುದರಿಂದ ಬೇಕೆಂದಾಗ ಹಿಗ್ಗುವಿಕೆಯನ್ನು ತಗ್ಗಿಸಬಲ್ಲ ದುರ್ಬೀನೇ ಲೇಸು.

ಎಷ್ಟೇ ಉತ್ತಮ ಮಸೂರವಾದರೂ ಗಾಳಿಯನ್ನು ತಡೆಯಲಾರದು. 700 ಮೀಟರ್ ಕ್ರಮಿಸಲು ಗುಂಡಿಗೆ ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆಯಿಟ್ಟರೆ ಎದೆಗೆ ಹಿಡಿದ ಗುರಿ ಹೊಟ್ಟೆಗೆ ತಾಗುತ್ತದೆ. ಗಾಯಗೊಂಡ ಜೀವ ಕಾಡಿನೊಳಗೆ ನರಳಿ ಸಾಯುತ್ತದೆ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮೊದಲಾದವರು ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ‘ನ್ಯಾಯಸಮ್ಮತ ಬೇಟೆ’ಯ ನೀತಿಯಂತೆ, ಬೇಟೆಗಾರನು ಪ್ರಾಣಿಯ ಮೇಲೆ ಅನುಚಿತವಾದ ಮೇಲುಗೈ ಪಡೆಯಕೂಡದು.

ಆದ್ದರಿಂದ ಆಯ್ಕೆಯು ಅಂಗಡಿಯಲ್ಲಿ ಆರಂಭವಾಗದೆ, ತಾನು ತಪ್ಪದೆ ಹೊಡೆಯಬಲ್ಲ ದೂರವನ್ನು ಬೇಟೆಗಾರನು ಅರಿಯುವುದರಿಂದ ಆರಂಭವಾಗಬೇಕು. ಅದನ್ನು ಮೀರಿ ನಿಂತ ಪ್ರಾಣಿಯನ್ನು ಹೋಗಲು ಬಿಡುವುದೇ ಧರ್ಮ.