ಹೊಳೆಯ ಜೊತೆ ಇಳಿದವರು: ನಹಾನಿ ನದಿಯ ದೋಣಿಯಾನ ಕಲಿಸುವ ಪಾಠ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಮಂಡಿಸಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನಲ್ಲಿ ಹೊಳೆ ಎಂದರೆ ಬಹುಮಟ್ಟಿಗೆ ದಾಟಬೇಕಾದದ್ದು. ಮಳೆಗಾಲದಲ್ಲಿ ಕಾಲುಸಂಕದ ಮೇಲೆ, ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ಜನ ಅದನ್ನು ದಾಟುತ್ತಾರೆ. ಈ ದಡದಿಂದ ಆ ದಡಕ್ಕೆ ಹೋದವರು ಅಸಂಖ್ಯ. ಆದರೆ ಹೊಳೆಯ ಜೊತೆಗೇ, ಅದು ಹರಿಯುವ ದಿಕ್ಕಿನಲ್ಲಿಯೇ, ದಿನಗಟ್ಟಲೆ ಸಾಗಿದವರು ವಿರಳ. ದಾಟುವವನಿಗೆ ಕಾಣುವ ಹೊಳೆ ಬೇರೆ, ಜೊತೆ ಸಾಗುವವನಿಗೆ ಕಾಣುವ ಹೊಳೆ ಬೇರೆ. ಭೂಮಿಯ ಇನ್ನೊಂದು ಮೂಲೆಯಲ್ಲಿ ಹೀಗೆ ನದಿಯ ಜೊತೆ ಸಾಗುವವರ ಅನುಭವವೂ, ಆ ನದಿ ಉಳಿದುಕೊಂಡ ಬಗೆಯೂ ಇಂದಿನ ವಿಷಯ.

ಕೆನಡಾ ದೇಶದ ವಾಯವ್ಯ ಭಾಗದಲ್ಲಿ, ಮೆಕೆಂಜಿ ಪರ್ವತಶ್ರೇಣಿಯ ನಡುವೆ ದಕ್ಷಿಣ ನಹಾನಿ ಎಂಬ ನದಿಯಿದೆ. ಉದ್ದ 500 ಕಿಲೋಮೀಟರಿಗೂ ಮಿಗಿಲು. ನಹಾನಿ ಬ್ಯೂಟ್ ಎಂಬ ಪುಟ್ಟ ಊರಿನ ಬಳಿ ಅದು ಲಿಯಾರ್ಡ್ ನದಿಯನ್ನು ಸೇರುತ್ತದೆ. ಲಿಯಾರ್ಡ್ ಮೆಕೆಂಜಿಯನ್ನು, ಮೆಕೆಂಜಿ ಉತ್ತರ ಧ್ರುವಸಾಗರವನ್ನು ಸೇರುತ್ತದೆ. ನದಿಯ ಮೇಲ್ಭಾಗದ ದೋಣಿಘಟ್ಟಗಳಿಗೆ ಹೋಗುವವರು ಫೋರ್ಟ್ ಸಿಂಪ್ಸನ್ ಮುಂತಾದ ಊರುಗಳಿಂದ, ನೀರಿನ ಮೇಲೆ ಇಳಿಯಬಲ್ಲ ಸಣ್ಣ ವಿಮಾನದಲ್ಲಿ ಹೋಗುತ್ತಾರೆ. ವಿಮಾನ ಅವರನ್ನು ದೋಣಿ, ಗುಡಾರ, ದಿನಸಿಗಳೊಂದಿಗೆ ಇಳಿಸಿ ಹಾರಿಹೋಗುತ್ತದೆ. ಆಮೇಲೆ ಒಂದು ಅಥವಾ ಎರಡು ವಾರಗಳ ಕಾಲ ಅವರಿಗಿರುವ ದಾರಿ ನದಿಯೊಂದೇ.

ಇಲ್ಲಿ ಬಳಸುವ ದೋಣಿಗೆ ಕನೂ ಎಂದು ಹೆಸರು. ತುಂಗಭದ್ರೆಯ ಹರಿಗೋಲಿನಂತೆ ಅದು ದುಂಡಗಿಲ್ಲ. ಉದ್ದವಾಗಿ, ಎರಡೂ ತುದಿ ಚೂಪಾಗಿ, ಅಗಲ ಕಿರಿದಾಗಿದೆ. ಮುಂದೊಬ್ಬರು, ಹಿಂದೊಬ್ಬರು ಕುಳಿತು ಒಂದೇ ಅಲಗಿನ ಹುಟ್ಟುಗಳಿಂದ ಅದನ್ನು ನಡೆಸುತ್ತಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಭೂರ್ಜ ಮರದ ತೊಗಟೆಯಿಂದ ಕಟ್ಟುತ್ತಿದ್ದ ದೋಣಿಯೇ ಇದರ ಪೂರ್ವಜ. ಎಂಜಿನ್ನಿಲ್ಲ, ಸದ್ದಿಲ್ಲ. ಮುಂದೆ ಕುಳಿತವರು ಬಂಡೆಯನ್ನು ಗಮನಿಸಬೇಕು, ಹಿಂದೆ ಕುಳಿತವರು ದಿಕ್ಕನ್ನು ತಿರುಗಿಸಬೇಕು. ಇಬ್ಬರಲ್ಲಿ ಹೊಂದಾಣಿಕೆ ತಪ್ಪಿದರೆ ದೋಣಿ ಅಡ್ಡವಾಗುತ್ತದೆ, ಮಂಜುಗಡ್ಡೆಯಷ್ಟು ತಣ್ಣನೆಯ ನೀರಿಗೆ ಇಬ್ಬರೂ ಬೀಳುತ್ತಾರೆ.

ಆದುದರಿಂದಲೇ ಹೊಸಬರು ಮಾರ್ಗದರ್ಶಕರೊಂದಿಗೆ ಹೋಗುತ್ತಾರೆ. ಈ ಮಾರ್ಗದರ್ಶಕರ ಮುಖ್ಯ ವಿದ್ಯೆ ನೀರನ್ನು ಓದುವುದು. ಹರಿವಿನ ಮೇಲೆ ನಾಲಗೆಯಂತೆ ಚಾಚಿದ ನುಣುಪಾದ ನೀರು ಕೆಳಮುಖವಾಗಿ ಕಿರಿದಾಗುತ್ತ ಹೋದರೆ ಅಲ್ಲಿ ಆಳವಾದ ದಾರಿಯಿದೆ ಎಂದರ್ಥ. ಅದೇ ಗುರುತು ಮೇಲ್ಮುಖವಾಗಿ ಮೊನೆಮಾಡಿದ್ದರೆ ನೀರಿನಡಿಯಲ್ಲಿ ಬಂಡೆ ಅಡಗಿದೆ. ಬಂಡೆಯ ಹಿಂದೆ ನೀರು ತಿರುಗಿ ಮೇಲಕ್ಕೆ ಹರಿಯುವ ಜಾಗ ದೋಣಿ ನಿಲ್ಲಿಸಲು ಯೋಗ್ಯ. ಇಂತಹ ಜ್ಞಾನ ಶರಾವತಿ, ಕಾಳಿ ನದಿಗಳ ಅಂಬಿಗರಿಗೂ ಹೊಸದಲ್ಲ. ಪುಸ್ತಕದಿಂದ ಬಾರದ ಈ ವಿದ್ಯೆ ವರ್ಷಗಟ್ಟಲೆ ಅದೇ ನದಿಯಲ್ಲಿ ಇಳಿದವರಿಗೆ ಮಾತ್ರ ದಕ್ಕುತ್ತದೆ.

ಸಂಜೆಯ ಬಿಡಾರ ಸಾಮಾನ್ಯವಾಗಿ ನದಿಯಂಚಿನ ಜಲ್ಲಿಕಲ್ಲಿನ ದಿಣ್ಣೆಯ ಮೇಲೆ. ಕಾಡಿನೊಳಗೆ ಏಕಲ್ಲ? ಶೀತಪ್ರದೇಶದಲ್ಲಿ ಪಾಚಿ, ಗಿಡಗಳು ಬಲು ನಿಧಾನವಾಗಿ ಬೆಳೆಯುತ್ತವೆ. ಹತ್ತು ಜನ ತುಳಿದ ನೆಲ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಜಲ್ಲಿದಿಣ್ಣೆಯನ್ನಾದರೋ ಮುಂದಿನ ಪ್ರವಾಹ ಬಂದು ತೊಳೆದುಬಿಡುತ್ತದೆ. ಒಲೆಗೆ ಹಸಿಮರ ಕಡಿಯುವಂತಿಲ್ಲ. ನದಿಯಲ್ಲಿ ತೇಲಿಬಂದ ಕಟ್ಟಿಗೆಯೇ ಉರುವಲು, ಅದನ್ನೂ ಲೋಹದ ತಟ್ಟೆಯ ಮೇಲೆಯೇ ಉರಿಸುವುದು ಕ್ರಮ. ಅಡುಗೆಯ ಜಾಗ ಗುಡಾರದಿಂದ ದೂರ, ಆಹಾರ ಭದ್ರವಾದ ಡಬ್ಬಿಗಳಲ್ಲಿ; ಏಕೆಂದರೆ ಅದು ಕರಡಿಗಳ ಸೀಮೆ. ತಂದ ಕಸವೆಲ್ಲ ದೋಣಿಯಲ್ಲಿಯೇ ಹಿಂದಿರುಗಬೇಕು. ಜೋಗದ ಸುತ್ತಮುತ್ತ ಪ್ಲಾಸ್ಟಿಕ್ ಹೆಕ್ಕಿದ ವಿದ್ಯಾರ್ಥಿಗಳಿಗೆ ಈ ನಿಯಮದ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ನದಿಯ ಮೇಲ್ಭಾಗದಲ್ಲಿ ರ್‍ಯಾಬಿಟ್‌ಕೆಟಲ್ ಎಂಬ ಬಿಸಿನೀರಿನ ಬುಗ್ಗೆಯಿದೆ. ಬುಗ್ಗೆಯ ನೀರು ಹೊತ್ತುತಂದ ಸುಣ್ಣ ಪದರ ಪದರವಾಗಿ ಕೂಡಿ, ಸಾವಿರಾರು ವರ್ಷಗಳಲ್ಲಿ ಸುಮಾರು 27 ಮೀಟರ್ ಎತ್ತರದ ದಿಬ್ಬವಾಗಿದೆ. ಅಲ್ಲಿಗೆ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿಯ ಜೊತೆಗೇ ಹೋಗಬೇಕು. ಮೃದುವಾದ ಸುಣ್ಣ ಪುಡಿಯಾಗದಿರಲೆಂದು ಪಾದರಕ್ಷೆಯನ್ನು ಕಳಚಿ ಬರಿಗಾಲಲ್ಲಿ ನಡೆಯಬೇಕು. ಡೆನೆ ಎಂಬ ಮೂಲನಿವಾಸಿ ಜನರಿಗೆ ಅದು ಪವಿತ್ರ ಸ್ಥಳ. ಭೂವಿಜ್ಞಾನದ ಎಚ್ಚರಿಕೆ, ಜನಪದದ ಶ್ರದ್ಧೆ ಎರಡೂ ಇಲ್ಲಿ ಒಂದೇ ನಡವಳಿಕೆಯನ್ನು ಬಯಸುತ್ತವೆ ಎಂಬುದು ಗಮನಾರ್ಹ. ದೇವರಕಾಡನ್ನು ಉಳಿಸಿಕೊಂಡ ಹಳ್ಳಿಗಳಿಗೆ ಇದು ಸುಲಭವಾಗಿ ಅರ್ಥವಾಗುವ ಮಾತು.

ಅಲ್ಲಿಂದ ಕೆಲವು ದಿನ ಶಾಂತವಾದ ನೀರಿನಲ್ಲಿ ಸಾಗಿದ ಬಳಿಕ ದೂರದಿಂದ ಭೋರ್ಗರೆತ ಕೇಳತೊಡಗುತ್ತದೆ. ಅದು ವರ್ಜೀನಿಯಾ ಜಲಪಾತ. 90 ಮೀಟರಿಗೂ ಮಿಗಿಲಾದ ಎತ್ತರ, ನಯಾಗರದ ಸುಮಾರು ಎರಡರಷ್ಟು. ಜಲಪಾತಕ್ಕೆ ಸಾಕಷ್ಟು ಮೊದಲೇ ದೋಣಿಗಳನ್ನು ದಡಕ್ಕೆ ತರಬೇಕು. ಅಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಎರಡನೆಯ ಅವಕಾಶವಿಲ್ಲ. ಅನಂತರ ಒಂದು ಕಿಲೋಮೀಟರಿಗೂ ಹೆಚ್ಚು ದೂರ ದೋಣಿ, ದಿನಸಿ, ಗುಡಾರಗಳನ್ನು ಹೆಗಲ ಮೇಲೆ ಹೊತ್ತು ಜಲಪಾತದ ಬುಡಕ್ಕೆ ಇಳಿಸಬೇಕು. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಹೊರೆ ಹೊತ್ತು ಹಲವು ಬಾರಿ ಇಳಿದು ಹತ್ತಿದವರು ಜಲಪಾತದ ಎತ್ತರವನ್ನು ಕಾಲಿನಿಂದ ಅರಿಯುತ್ತಾರೆ.

ಈ ಜಲಪಾತದ ಡೆನೆ ಹೆಸರು ನಾಯ್ಲಿಚೊ. ಧುಮುಕುವ ಮಹಾಜಲ ಎಂದು ಅದರ ಭಾವ. ಕೆಳಗಿನ ಕಣಿವೆಗಳಿಗೆ ಹೊರಗಿನಿಂದ ಬಂದ ಚಿನ್ನ ಹುಡುಕುವವರು ಇಟ್ಟ ಹೆಸರುಗಳು ಬೇರೆಯೇ ಬಗೆಯವು: ಸತ್ತವರ ಕಣಿವೆ, ತಲೆಯಿಲ್ಲದವರ ಹಳ್ಳ. 1908ರಲ್ಲಿ ಅಲ್ಲಿ ಇಬ್ಬರು ಸೋದರರ ಅಸ್ಥಿಪಂಜರ ದೊರೆತದ್ದರಿಂದ ಹುಟ್ಟಿದ ಹೆಸರುಗಳವು. ಲೂಟಿಗೆ ಬಂದವರ ನೆನಪಿನಲ್ಲಿ ಉಳಿದದ್ದು ಭಯ. ಬಾಳಿದವರ ನೆನಪಿನಲ್ಲಿ ಉಳಿದದ್ದು ನೀರು.

ಜಲಪಾತದ ಕೆಳಗೆ ನಾಲ್ಕು ಮಹಾಕಂದರಗಳಿವೆ. ಮೇಲಿನಿಂದ ಇಳಿಯುವವರಿಗೆ ಮೊದಲು ಎದುರಾಗುವುದು ನಾಲ್ಕನೆಯದು, ಕೊನೆಗೆ ಒಂದನೆಯದು. ಎಣಿಸಿದವರು ಕೆಳಗಿನಿಂದ ಹರಿವಿನ ವಿರುದ್ಧ ಬಂದಿದ್ದರೆಂಬುದಕ್ಕೆ ಇದೇ ಸಾಕ್ಷಿ. ಕೆಲವೆಡೆ ಗೋಡೆಗಳ ಎತ್ತರ ಸಾವಿರ ಮೀಟರನ್ನು ಮೀರುತ್ತದೆ. ಬಯಲಿನ ನದಿಯಂತೆ ಬಳುಕುವ ತಿರುವುಗಳು ಇಷ್ಟು ಆಳದ ಬಂಡೆಯಲ್ಲಿ ಹೇಗೆ ಮೂಡಿದವು? ಇಲ್ಲಿ ಪರ್ವತಕ್ಕಿಂತ ನದಿಯೇ ಹಿರಿಯದು. ಸಮತಟ್ಟಾದ ನೆಲದಲ್ಲಿ ಅದು ಹರಿಯುತ್ತಿದ್ದಾಗ ನೆಲ ನಿಧಾನವಾಗಿ ಮೇಲೆದ್ದಿತು. ನದಿ ತನ್ನ ಹಳೆಯ ಪಾತ್ರವನ್ನು ಬಿಡದೆ ಕೊರೆಯುತ್ತಲೇ ಹೋಯಿತು.

ಇನ್ನು ಮುಖ್ಯ ವಿಷಯ. ಜಲಪಾತದ ಚಿತ್ರವನ್ನು ಮಾತ್ರ ನೋಡಿದವನಿಗೆ ನದಿ ಎಂದರೆ ಜಲಪಾತ. ದೋಣಿಯಲ್ಲಿ ಇಳಿಯುವವನಿಗೆ ಹಾಗಲ್ಲ. ಪ್ರತಿದಿನವೂ ಎಡದಿಂದ, ಬಲದಿಂದ ಯಾವುದೋ ಹಳ್ಳ ಬಂದು ಕೂಡುತ್ತದೆ. ಜಲಪಾತದ ಕೆಳಗೆ ಕೂಡುವ ಫ್ಲಾಟ್ ನದಿಯ ಉಗಮದ ಕಡೆ 1962ರಲ್ಲಿ ಟಂಗ್‌ಸ್ಟನ್ ಗಣಿಯೊಂದು ತೆರೆಯಿತು. ನಡುನಡುವೆ ನಿಂತು, ಮತ್ತೆ ನಡೆದು, 2015ರಲ್ಲಿ ಅದು ಮುಚ್ಚಿತು. ಇನ್ನೂ ಕೆಳಗೆ ಕೂಡುವ ಪ್ರೇರಿ ಕ್ರೀಕ್ ಎಂಬ ಹಳ್ಳದ ಬದಿಯಲ್ಲಿ ಸತು, ಸೀಸ, ಬೆಳ್ಳಿಯ ಗಣಿ ಕಟ್ಟಲಾಯಿತು; 1980ರ ದಶಕದ ಆರಂಭದಲ್ಲಿ ಬೆಳ್ಳಿಯ ಬೆಲೆ ಕುಸಿದು, ಉತ್ಪಾದನೆ ತೊಡಗುವ ಮೊದಲೇ ಅದು ನಿಂತಿತು. ಹಳ್ಳ ಹೊತ್ತುತಂದದ್ದು ಏನೇ ಇರಲಿ, ಅದನ್ನು ನದಿ ಸ್ವೀಕರಿಸಲೇಬೇಕು. ನದಿಯನ್ನು ಉಳಿಸುವುದೆಂದರೆ ಅದರ ಜಲಾನಯನ ಪ್ರದೇಶವನ್ನು ಉಳಿಸುವುದು ಎಂಬ ಸತ್ಯ ಹೀಗೆ ದೋಣಿಯಲ್ಲಿ ಕುಳಿತವನ ಕಣ್ಣೆದುರಿಗೇ ಬರುತ್ತದೆ.

ಸರ್ಕಾರಕ್ಕೆ ಈ ಸತ್ಯ ತಿಳಿಯಲು ಬಹುಕಾಲ ಬೇಕಾಯಿತು. ವರ್ಜೀನಿಯಾ ಜಲಪಾತದಲ್ಲಿ ವಿದ್ಯುತ್ ಉತ್ಪಾದಿಸುವ ಪ್ರಸ್ತಾಪಗಳು ಒಂದು ಕಾಲಕ್ಕೆ ಇದ್ದವು. 1970ರಲ್ಲಿ ಅಂದಿನ ಪ್ರಧಾನಿ ಪಿಯೆರ್ ಟ್ರೂಡೊ ಸ್ವತಃ ಈ ನದಿಯಲ್ಲಿ ದೋಣಿಯಾನ ಕೈಗೊಂಡರು. 1972ರಲ್ಲಿ ನದಿಯ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ ಕಾಯ್ದಿರಿಸಲಾಯಿತು. ಅಣೆಕಟ್ಟಿನ ಮಾತು ಅಲ್ಲಿಗೆ ಮುಗಿಯಿತು. 1978ರಲ್ಲಿ ಯುನೆಸ್ಕೊ ತನ್ನ ವಿಶ್ವಪರಂಪರೆಯ ಮೊಟ್ಟಮೊದಲ ಪಟ್ಟಿಯಲ್ಲಿ ನಹಾನಿಯನ್ನು ಸೇರಿಸಿತು. ಆದರೆ ಅಂದು ರಕ್ಷಣೆ ದೊರೆತದ್ದು ನದಿಯ ಇಕ್ಕೆಲದ ಕಿರಿದಾದ ಪಟ್ಟಿಗೆ ಮಾತ್ರ, ಐದು ಸಾವಿರ ಚದರ ಕಿಲೋಮೀಟರಿಗೂ ಕಡಿಮೆ. 2009ರಲ್ಲಿ, ಡೆಚೊ ಡೆನೆ ಸಮುದಾಯಗಳ ಸಹಭಾಗಿತ್ವದಲ್ಲಿ, ಅದು ಸುಮಾರು 30,000 ಚದರ ಕಿಲೋಮೀಟರಿಗೆ, ಅಂದರೆ ಆರು ಪಟ್ಟಿಗೆ ವಿಸ್ತರಿಸಿತು. 2014ರಲ್ಲಿ ಉಗಮದ ಭಾಗವೂ ಮತ್ತೊಂದು ಉದ್ಯಾನವಾಗಿ ರಕ್ಷಣೆಗೆ ಒಳಪಟ್ಟಿತು. ಆದರೂ ವಿಸ್ತರಣೆಯ ವೇಳೆ ಪ್ರೇರಿ ಕ್ರೀಕ್ ಗಣಿಪ್ರದೇಶವನ್ನು ಉದ್ಯಾನದ ನಡುವೆಯೇ ಹೊರಗುಳಿಸಲಾಯಿತು. ಗೆಲುವಿನಲ್ಲಿಯೂ ಒಂದು ತೂತು ಉಳಿದಿದೆ. ಅದನ್ನು ಮುಚ್ಚಿ ಹೇಳುವುದು ಸರಿಯಲ್ಲ.

ಇನ್ನೊಂದು ಮಾತನ್ನೂ ಮರೆಯಲಾಗದು. ಪ್ರವಾಸಿಗರು ಈ ಪ್ರದೇಶವನ್ನು ನಿರ್ಜನ ಅರಣ್ಯ ಎನ್ನುತ್ತಾರೆ. ಅದು ಎಂದೂ ನಿರ್ಜನವಾಗಿರಲಿಲ್ಲ. ಚಳಿಗಾಲವನ್ನು ಬೆಟ್ಟಗಳಲ್ಲಿ ಕಳೆದ ಡೆನೆ ಕುಟುಂಬಗಳು ಮೂಸ್ ಎಂಬ ದೊಡ್ಡ ಕಡವೆಜಾತಿಯ ಪ್ರಾಣಿಯ ಹಲವು ಚರ್ಮಗಳನ್ನು ಹೊಲಿದು ಹಿರಿದಾದ ದೋಣಿ ಕಟ್ಟಿ, ಹಿಮ ಕರಗಿದಾಗ ಮಕ್ಕಳು, ನಾಯಿಗಳು, ತುಪ್ಪಳದ ಹೊರೆಗಳೊಂದಿಗೆ ಇದೇ ನದಿಯಲ್ಲಿ ಇಳಿಯುತ್ತಿದ್ದರು. ಕೆಳಗೆ ತಲುಪಿದ ಮೇಲೆ ದೋಣಿಯನ್ನು ಬಿಚ್ಚಿ ಚರ್ಮವನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದರು. ಉದ್ಯಾನವನ್ನು ಇಂದಿಗೂ ಕಾನೂನಿನಲ್ಲಿ 'ಕಾಯ್ದಿರಿಸಿದ ಉದ್ಯಾನ' ಎಂದೇ ಕರೆಯಲಾಗುತ್ತದೆ. ಮೂಲನಿವಾಸಿಗಳ ಭೂಹಕ್ಕಿನ ಪ್ರಶ್ನೆ ಪೂರ್ತಿ ಇತ್ಯರ್ಥವಾಗಿಲ್ಲ ಎಂಬುದೇ ಅದರ ಅರ್ಥ. ಜನರನ್ನು ಹೊರಗಿಟ್ಟು ಕಾಡನ್ನು ಉಳಿಸುವ ದಾರಿಗಿಂತ, ಜನರೊಂದಿಗೆ ಉಳಿಸುವ ದಾರಿ ದೀರ್ಘ. ಆದರೆ 2009ರ ವಿಸ್ತರಣೆ ಸಾಧ್ಯವಾದದ್ದು ಆ ದಾರಿಯಿಂದಲೇ.

ಇಂತಹ ದೋಣಿಯಾನ ದುಬಾರಿಯಾದದ್ದು, ವಿಮಾನದ ಇಂಧನವನ್ನು ಸುಡುವಂಥದ್ದು ಎಂಬ ಆಕ್ಷೇಪವೂ ಸತ್ಯವೇ. ಅದನ್ನು ಇಲ್ಲಿ ಅನುಕರಿಸಬೇಕಿಲ್ಲ. ಕಲಿಯಬೇಕಾದದ್ದು ಅದರ ಕ್ರಮವನ್ನು: ಬಲ್ಲವರ ಹಿಂದೆ, ನಿಧಾನವಾಗಿ, ಹರಿವಿನ ಜೊತೆ, ಗುರುತು ಉಳಿಸದೆ ಸಾಗುವುದು.

ಅದಕ್ಕೆ ಕನೂ ಬೇಕಾಗಿಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ 253 ಮೀಟರಿನ ಜೋಗ ವರ್ಷದ ಬಹುಕಾಲ ತೆಳುವಾಗಿದೆ; ನಾಯ್ಲಿಚೊಗೆ ತಪ್ಪಿದ್ದು ಜೋಗಕ್ಕೆ ತಪ್ಪಲಿಲ್ಲ. ಆದರೆ ಶಿರಸಿಯ ಸೀಮೆಯಲ್ಲಿ ಹುಟ್ಟಿ ಕುಮಟೆಯ ಬಳಿ ಕಡಲು ಸೇರುವ ಅಘನಾಶಿನಿ ಇನ್ನೂ ಅಣೆಕಟ್ಟಿಲ್ಲದೆ ಹರಿಯುತ್ತಿದೆ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಳಿವೆಗೆ ಮನ್ನಣೆ ದೊರೆತರೆ ಸಾಲದು; ಅದಕ್ಕೆ ನೀರುಣಿಸುವ ಘಟ್ಟದ ಮೇಲಿನ ಪ್ರತಿಯೊಂದು ಹಳ್ಳವೂ ಉಳಿಯಬೇಕು. ನಹಾನಿ 37 ವರ್ಷಗಳಲ್ಲಿ ಕಲಿಸಿದ ಪಾಠ ಇದೇ.

ವಿದ್ಯಾರ್ಥಿ ಮಿತ್ರರು ಈ ಬೇಸಿಗೆ ರಜೆಯಲ್ಲಿ ಊರಿನ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು, ತಮ್ಮೂರಿನ ಹಳ್ಳವನ್ನು ಅದರ ಒರತೆಯಿಂದ ಅದು ಹೊಳೆ ಸೇರುವವರೆಗೆ ನಡೆದು ನೋಡಲಿ. ಎಲ್ಲಿ ನೀರು ಬತ್ತಿದೆ, ಎಲ್ಲಿ ಗುಡ್ಡ ಜರಿದಿದೆ, ಯಾವ ಗುಂಡಿಗೆ ಹಿರಿಯರು ಯಾವ ಹೆಸರಿಟ್ಟಿದ್ದಾರೆ ಎಂಬುದನ್ನು ಬರೆದುಕೊಳ್ಳಲಿ. ನಾಳೆ ಆ ಹಳ್ಳದ ಬಗೆಗೆ ಯಾರಾದರೂ ನಕಾಶೆ ಹಿಡಿದು ಬಂದಾಗ ಊರಿನ ಪರವಾಗಿ ಮಾತನಾಡಲು ಬೇಕಾಗುವುದು ಆ ಪುಸ್ತಕವೇ.