ಜೇಡನ ಮನೆಯ ಅತಿಥಿ

ಮಾರ್ಕೋನಹಳ್ಳಿ ಎಂದೊಡನೆ ತುಮಕೂರು ಸೀಮೆಯವರಿಗೆ ನೆನಪಾಗುವುದು ಶಿಂಷಾ ನದಿಯ ಜಲಾಶಯ, ನೀರು ಮಟ್ಟ ಮುಟ್ಟಿದಾಗ ಯಾರ ಅಪ್ಪಣೆಗೂ ಕಾಯದೆ ತಾವಾಗಿಯೇ ಹೊರಚೆಲ್ಲುವ ಅಲ್ಲಿನ ಸೈಫನ್ನುಗಳು. ನಾನಿಂದು ಹೇಳಹೊರಟಿರುವುದು ಆ ಊರಿನ ನೆಂಟರೊಬ್ಬರ ಸೌದೆ ಕೊಟ್ಟಿಗೆಯಲ್ಲಿ ಕಂಡ ಒಂದು ಹುಳುವಿನ ವಿಷಯ.

ಕೊಟ್ಟಿಗೆಯ ಮೂಲೆಯ ಜೇಡರ ಬಲೆಯಲ್ಲಿ ಒಣಹುಲ್ಲಿನ ಎಳೆಯಂಥದೇನೋ ತೂಗಾಡುತ್ತಿತ್ತು. ಜೊತೆಗಿದ್ದ ಮೊಮ್ಮಗ ಅದೇನೆಂದು ಕೇಳಿದ. ಬಹುಕಾಲ ಪಾಠ ಹೇಳಿದವನಿಗೆ 'ತಿಳಿಯದು' ಎನ್ನುವ ಅಭ್ಯಾಸ ತಪ್ಪಿಹೋಗಿರುತ್ತದೆ. "ಕಡ್ಡಿಹುಳು" ಎಂದುಬಿಟ್ಟೆ. "ಕಡ್ಡಿಹುಳು ಎಲೆ ತಿನ್ನುತ್ತದೆ ಎಂದಿದ್ದೆಯಲ್ಲ ತಾತ, ಇದು ಜೇಡನನ್ನೇ ಹಿಡಿದುಕೊಂಡಿದೆ" ಎಂದ ಹುಡುಗ. ಕನ್ನಡಕ ಒರೆಸಿಕೊಂಡು ನೋಡಿದೆ. ಅವನ ಮಾತು ಸರಿಯಾಗಿತ್ತು.

ಅದು ರೆಡುವಿಡೀ ಕುಟುಂಬದ ಎಮೆಸಿನೀ ಎಂಬ ಉಪಕುಟುಂಬಕ್ಕೆ ಸೇರಿದ ಕೀಟ. ನೂಲುಗಾಲಿನ ಕೊಲೆತಿಗಣೆ ಎಂದು ಕರೆಯೋಣ. ನಮ್ಮ ಹಾಸಿಗೆಯ ತಿಗಣೆಗೆ ಇದು ದೂರದ ದಾಯಾದಿ; ಮೈಕಟ್ಟಿನಲ್ಲಿ ಮಾತ್ರ ಒಂದಿಷ್ಟೂ ಹೋಲಿಕೆಯಿಲ್ಲ.

ಇದನ್ನು ಗುರುತಿಸಲು ಆಕಾರವನ್ನು ನಂಬಬಾರದು. ನಾನು ಮೋಸಹೋದದ್ದು ಅಲ್ಲಿಯೇ. ಕಾಲುಗಳನ್ನು ನೋಡಬೇಕು. ನಡುವಿನ ಮತ್ತು ಹಿಂದಿನ ನಾಲ್ಕು ಕಾಲುಗಳು ನೂಲಿನಂತೆ ಸಣ್ಣ. ನಡೆಯುವುದು ಅವುಗಳ ಮೇಲೆ, ಓಲಾಡುತ್ತ. ಮುಂಗಾಲುಗಳೆರಡು ಬೇಟೆ ಹಿಡಿಯಲು ಮಡಚಿ ಸಿದ್ಧವಾಗಿರುತ್ತವೆ. ಕಡ್ಡಿಹುಳುವಿಗೆ ಇಂಥ ಮುಂಗಾಲಿಲ್ಲ. ಸೂರ್ಯನ ಕುದುರೆಗೆ ಉಂಟು, ಆದರೆ ಅದರ ಬಾಯಿ ಕಚ್ಚಿ ಅಗಿಯುವ ಬಾಯಿ. ಕೊಲೆತಿಗಣೆಯದು ತಲೆಯ ಕೆಳಗೆ ಬಾಗಿದ ಚುಚ್ಚುವ ಕೊಕ್ಕು. ಜಲಾಶಯಗಳ ಅಂಚಿನ ನೀರಿನಲ್ಲಿ ಬಾಳುವ ನೀರುಕಡ್ಡಿಗೆ ಹಿಡಿಯುವ ಕಾಲೂ ಉಂಟು, ಕೊಕ್ಕೂ ಉಂಟು. ಅದರ ಬಾಲದ ತುದಿಯಲ್ಲಿ ಉಸಿರಾಡುವ ಉದ್ದನೆಯ ಕೊಳವೆಯಿದೆ, ಅದೂ ಒಂದು ಬಗೆಯ ಸೈಫನ್ನೇ ಎನ್ನಿ! ಮೀಸೆಗಳು ಮಾತ್ರ ಗಿಡ್ಡವಾಗಿ ಅಡಗಿರುತ್ತವೆ. ನಮ್ಮ ಅತಿಥಿಯ ಮೀಸೆಗಳು ನೀಳವಾಗಿ ಎದ್ದು ಕಾಣುತ್ತವೆ. ಇಷ್ಟು ಬರಿಗಣ್ಣಿಗೆ ಸಾಕು. ಪ್ರಭೇದವನ್ನು ನಿಶ್ಚಯಿಸಲು ಸೂಕ್ಷ್ಮದರ್ಶಕ ಬೇಕು. ಪೆಡ್ರೊ ವೈಗೋಡ್ಜಿನ್ಸ್ಕಿಯವರು 1966ರಲ್ಲಿ ಈ ಒಂದು ಉಪಕುಟುಂಬದ ಮೇಲೆಯೇ ಬೃಹತ್ ಗ್ರಂಥವನ್ನು ಪ್ರಕಟಿಸಿದ್ದಾರೆ.

ಹಿಡಿದ ಬೇಟೆಗೆ ಕೊಕ್ಕು ಚುಚ್ಚಿ ಜೊಲ್ಲನ್ನು ಒಳಬಿಡುತ್ತದೆ. ಒಳಗಿನದು ಕರಗಿ ರಸವಾದ ಮೇಲೆ ಹೀರಿಕೊಳ್ಳುತ್ತದೆ. ಈ ಗುಂಪಿನವೆಲ್ಲ ಜೇಡಭಕ್ಷಕಗಳಲ್ಲ. ಸಣ್ಣ ನೊಣ, ಸೊಳ್ಳೆಗಳಲ್ಲಿ ತೃಪ್ತಿಪಡುವವೂ ಉಂಟು. ಜೇಡನನ್ನೇ ಬಯಸುವವುಗಳ ಜಾಣ್ಮೆಯನ್ನು ಆಸ್ಟ್ರೇಲಿಯದ ಆನ್ ವಿಗ್ನಾಲ್ ಮತ್ತು ಫಿಲಿಪ್ ಟೇಲರ್ ಪರೀಕ್ಷಿಸಿ 2010ರಲ್ಲಿ ಬರೆದರು. ಸ್ಟೆನೋಲೀಮಸ್ ಎಂಬ ಕುಲದ ಅಲ್ಲಿನ ಒಂದು ತಿಗಣೆ ಬಲೆಯ ಎಳೆಗಳನ್ನು ಮೆಲ್ಲನೆ ಮೀಟುತ್ತದೆ. ಸಿಕ್ಕಿಬಿದ್ದು ಸೋತ ಹುಳು ಮಿಸುಕಿದಂತೆ ಬಲೆ ಕಂಪಿಸುತ್ತದೆ. ಊಟ ಬಂತೆಂದು ಜೇಡ ತಾನೇ ನಡೆದುಬರುತ್ತದೆ. ಹೊಂಚಿ ಹತ್ತಿರ ಸರಿಯುವುದೂ ಅದಕ್ಕೆ ಗೊತ್ತು. ಗಾಳಿ ಬೀಸಿ ಬಲೆ ಅಲುಗುವಾಗ ಹೆಜ್ಜೆಯಿಡುತ್ತದೆ, ಹೆಜ್ಜೆಯ ಸುಳಿವು ಗಾಳಿಯ ಅಲುಗಾಟದಲ್ಲಿ ಮುಚ್ಚಿಹೋಗುತ್ತದೆ. ವೀಣೆಯನ್ನು ಹೀಗೂ ನುಡಿಸಬಹುದೆಂದು ನನ್ನ ಸಾಹಿತ್ಯ ನನಗೆ ಹೇಳಿಕೊಟ್ಟಿರಲಿಲ್ಲ.

ಇದನ್ನೆಲ್ಲ ಓದಿಕೊಂಡ ಮೇಲೆ ಮೊಮ್ಮಗನಿಗೆ ನನ್ನ ಉತ್ತರ ತಪ್ಪಾಗಿತ್ತೆಂದು ಹೇಳಿದೆ. ಅವನು ಹಿಗ್ಗಿದನೆಂದೇ ಹೇಳಬೇಕು. ನೆಂಟರ ಮನೆಯಾಕೆ ದೀಪಾವಳಿಗೆ ಕೊಟ್ಟಿಗೆಯ ಬಲೆ ತೆಗೆಸಲು ಪೊರಕೆ ತಂದಾಗ, ಆ ಒಂದು ಮೂಲೆಯನ್ನು ಬಿಡಬೇಕೆಂದು ತಾತ ಮೊಮ್ಮಕ್ಕಳಿಬ್ಬರೂ ಅಡ್ಡ ನಿಂತೆವು. ಹುಳು ಹೋಗಿತ್ತು. ಎಳೆಯೊಂದಕ್ಕೆ ಅದು ಕಳಚಿದ ಪೊರೆ ಅಂಟಿಕೊಂಡಿತ್ತು, ಮಡಚಿದ ಮುಂಗಾಲುಗಳ ಸಮೇತ. ಹುಡುಗ ಬೆರಳು ಮಡಚುತ್ತ ಕಾಲುಗಳನ್ನು ಎಣಿಸತೊಡಗಿದ.